ಚೀಟಿ, ಫಾರ್ಮ್, ಮೆಂಟಿಮೀಟರ್: ಸಂಶೋಧನಾ ಕಾರ್ಯಾಗಾರದ ಹಿಮ್ಮಾಹಿತಿಗೆ ಯಾವುದು ಒದಗುತ್ತದೆ?

ಎರಡು ದಿನದ ಸಂಶೋಧನಾ ಕೌಶಲ ಕಾರ್ಯಾಗಾರದ ಕೊನೆಯ ಅರ್ಧ ಗಂಟೆ ತುಮಕೂರಿನ ಯಾವ ಕಾಲೇಜಿನಲ್ಲಾದರೂ ಒಂದೇ ಥರ ಇರುತ್ತದೆ. ವಂದನಾರ್ಪಣೆ ನಡೆಯುತ್ತಿರುತ್ತದೆ, ಪ್ರಮಾಣಪತ್ರದ ಕಟ್ಟು ಮೇಜಿನ ಮೇಲಿರುತ್ತದೆ, ಪಾವಗಡ, ಶಿರಾ, ಚಿಕ್ಕನಾಯಕನಹಳ್ಳಿಯ ಬಸ್ಸು ಹಿಡಿಯಬೇಕಾದವರು ಬ್ಯಾಗು ಹೆಗಲಿಗೇರಿಸಿ ಕೂತಿರುತ್ತಾರೆ. ಆಗ ವಾಟ್ಸಾಪ್ ಗುಂಪಿಗೆ ಗೂಗಲ್ ಫಾರ್ಮಿನ ಲಿಂಕ್ ಬಂದು ಬೀಳುತ್ತದೆ. ಪಾವಗಡ ಇಲ್ಲಿಂದ ನೂರು ಕಿಲೋಮೀಟರ್ ಹತ್ತಿರ. ಅಷ್ಟು ದೂರ ಹೋಗಬೇಕಾದವರು ಎಲ್ಲದಕ್ಕೂ ಐದಕ್ಕೆ ಐದು ಒತ್ತಿ, ಸಲಹೆಯ ಜಾಗದಲ್ಲಿ ಒಂದು ಚುಕ್ಕಿ ಇಟ್ಟು ಎದ್ದು ಹೋಗುತ್ತಾರೆ. ಸಂಘಟಕರ ವರದಿಯಲ್ಲಿ ಸರಾಸರಿ 4.7 ಎಂದು ಅಚ್ಚಾಗುತ್ತದೆ. ಆ ಸಂಖ್ಯೆಯಿಂದ ಮುಂದಿನ ಕಾರ್ಯಾಗಾರದಲ್ಲಿ ಬದಲಾಗುವುದು ಏನೂ ಇಲ್ಲ.

ಹಾಗಾಗಿ ಇಲ್ಲಿ ಹಿಮ್ಮಾಹಿತಿಯ (ಫೀಡ್‌ಬ್ಯಾಕ್) ಸಾಧನಗಳನ್ನು ತೂಗಿದ್ದು ಒಂದೇ ತಕ್ಕಡಿಯಲ್ಲಿ: ಬಂದ ಉತ್ತರ ಅದೇ ಕಾರ್ಯಾಗಾರದ ಮುಂದಿನ ಗೋಷ್ಠಿಯನ್ನು ತಿದ್ದಲು ನೆರವಾಯಿತೇ, ಇಲ್ಲವೇ? ಲೆಕ್ಕಕ್ಕೆ ಹಿಡಿದಿರುವುದು 40 ಜನರ ಗುಂಪು. ಅದರಲ್ಲಿ ಪಿಎಚ್‌ಡಿಗೆ ಈಗಷ್ಟೇ ನೋಂದಾಯಿಸಿದವರು, ಅರೆಕಾಲಿಕವಾಗಿ ಸಂಶೋಧನೆ ಮಾಡುತ್ತಿರುವ ಕಾಲೇಜು ಅಧ್ಯಾಪಕರು, ಕೆಲವರು ಎಂ.ಎ. ವಿದ್ಯಾರ್ಥಿಗಳು. ತುಮಕೂರು ವಿಶ್ವವಿದ್ಯಾಲಯದ ಸುತ್ತಮುತ್ತ ಆಗಲಿ, ಕೋಲಾರದಲ್ಲಿ ಕೇಂದ್ರವಿರುವ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ಕಡೆಯಾಗಲಿ, ಇಂಥ ಬೆರಕೆ ಗುಂಪೇ ಸಾಮಾನ್ಯ.

ಕಾಗದದ ಚೀಟಿ: 5ಕ್ಕೆ 4.5

ಎ4 ಹಾಳೆಯನ್ನು ನಾಲ್ಕು ತುಂಡು ಮಾಡಿದರೆ ಮುಗಿಯಿತು. 40 ಜನಕ್ಕೆ ಒಂದು ಸುತ್ತಿಗೆ ಹತ್ತು ಹಾಳೆ. ಎರಡು ದಿನಕ್ಕೆ ನಾಲ್ಕು ಸುತ್ತು ಎಂದರೂ 40 ಹಾಳೆ, ಅಂದರೆ 500 ಹಾಳೆಯ ಒಂದು ರೀಮಿನಲ್ಲಿ ಹನ್ನೆರಡು ಕಾರ್ಯಾಗಾರ ನಡೆಸಬಹುದು. ಅಂಟು ಚೀಟಿಗಳಿಗೆ ದುಡ್ಡು ಸುರಿಯಬೇಕಿಲ್ಲ. ಫ್ಯಾನು ಜೋರಾಗಿ ತಿರುಗುವ ಹಾಲ್‌ನಲ್ಲಿ ಅವು ಗೋಡೆ ಬಿಟ್ಟು ನೆಲ ಸೇರುತ್ತವೆ.

ಸಮಯವೇ ಇಲ್ಲಿ ಮುಖ್ಯ. ಊಟಕ್ಕೆ ಬಿಡುವ ಐದು ನಿಮಿಷ ಮೊದಲು ಚೀಟಿ ಹಂಚಬೇಕು, ಊಟದ ನಂತರವಲ್ಲ. ಪ್ರಶ್ನೆ ಎರಡೇ. ಒಂದು: ಬೆಳಗ್ಗೆಯಿಂದ ಕಲಿತದ್ದರಲ್ಲಿ ನಿಮ್ಮ ಸಂಶೋಧನಾ ಯೋಜನೆಯ ಸಿನಾಪ್ಸಿಸ್‌ಗೆ ನಾಳೆಯೇ ಬಳಸಬಲ್ಲದ್ದು ಯಾವುದು? ಎರಡು: ಎಲ್ಲಿ ಎಳೆ ತಪ್ಪಿತು? ನಾಲ್ಕು ನಿಮಿಷ ಯಾರೂ ಮಾತಾಡಬಾರದು. ಹೆಸರು ಬೇಡ. ಕನ್ನಡ, ಇಂಗ್ಲಿಷ್, ಎರಡೂ ಬೆರೆಸಿದ್ದು, ಏನಾದರೂ ಸರಿ ಎಂದು ಮೊದಲೇ ಹೇಳಬೇಕು. ಹೇಳದಿದ್ದರೆ ಅರ್ಧ ಜನ ಇಂಗ್ಲಿಷಿನಲ್ಲಿ ಬರೆಯಬೇಕೇನೋ ಎಂದುಕೊಂಡು ಎರಡು ಪದಕ್ಕೆ ನಿಲ್ಲಿಸುತ್ತಾರೆ. ‘ಹೇಗಿತ್ತು?’ ಎಂದು ಮಾತ್ರ ಕೇಳಬೇಡಿ. ಅದಕ್ಕೆ ನಮ್ಮ ಕಡೆ ಇರುವ ಉತ್ತರ ‘ಚೆನ್ನಾಗಿತ್ತು ಸಾರ್’ ಒಂದೇ.

ಎರಡನೆಯ ಪ್ರಶ್ನೆ ಹೊಸದೇನಲ್ಲ. ಹಾರ್ವರ್ಡ್‌ನ ಸಂಖ್ಯಾಶಾಸ್ತ್ರಜ್ಞ ಫ್ರೆಡ್ರಿಕ್ ಮೊಸ್ಟೆಲ್ಲರ್ ತಮ್ಮ ತರಗತಿಯಲ್ಲಿ ‘ಅತ್ಯಂತ ಮಸುಕಾಗಿ ಉಳಿದದ್ದು ಯಾವುದು’ ಎಂದು ಕೇಳಿ ಬರೆಸಿಕೊಳ್ಳುತ್ತಿದ್ದದ್ದರ ವಂಶದ್ದೇ ಇದು. ವಯಸ್ಕರ ಶಿಕ್ಷಣದ ವಿದ್ವಾಂಸ ಸ್ಟೀಫನ್ ಬ್ರೂಕ್‌ಫೀಲ್ಡ್ ಅವರ ಐದು ಪ್ರಶ್ನೆಗಳ ಪಟ್ಟಿಯೂ ಇದೆ: ಯಾವಾಗ ಹೆಚ್ಚು ತೊಡಗಿದ್ದಿರಿ, ಯಾವಾಗ ದೂರ ಸರಿದಿರಿ, ಯಾರ ಯಾವ ನಡೆ ನೆರವಾಯಿತು, ಯಾವುದು ಗೊಂದಲ ಹುಟ್ಟಿಸಿತು, ಯಾವುದು ಅಚ್ಚರಿ ತಂದಿತು. ವಾರಕ್ಕೊಮ್ಮೆ ಸೇರುವ ಕೋರ್ಸಿಗೆ ಅದು ಬಹಳ ಒಳ್ಳೆಯದು. ಎರಡು ದಿನದ ಕಾರ್ಯಾಗಾರದಲ್ಲಿ ಊಟಕ್ಕೆ ಮುಂಚೆ ಐದು ಪ್ರಶ್ನೆ ಕೊಟ್ಟರೆ ಕೊನೆಯ ಮೂರು ಖಾಲಿ ಬರುತ್ತವೆ.

ಊಟದ ಹೊತ್ತಿನಲ್ಲಿ ಇಬ್ಬರು ಕೂತು 40 ಚೀಟಿಗಳನ್ನು ಮೂರು ಗುಡ್ಡೆ ಮಾಡಬೇಕು: ಮಧ್ಯಾಹ್ನವೇ ಸರಿಪಡಿಸಬಹುದಾದದ್ದು, ನಾಳೆಗೆ ಹಾಕಿಕೊಳ್ಳಬೇಕಾದದ್ದು, ನಮ್ಮ ಕೈಯಲ್ಲಿಲ್ಲದ್ದು. ಹದಿನೈದು ನಿಮಿಷದ ಕೆಲಸ. ಒಬ್ಬರೇ ಓದಿದರೆ ತಮಗೆ ಹಿತವಾದದ್ದನ್ನೇ ಆರಿಸಿಕೊಳ್ಳುವ ಅಪಾಯವಿದೆ. ಆಮೇಲೆ ಊಟ ಮುಗಿಸಿ ಬಂದವರಿಗೆ ಮೂರು ಅಂಶ ಓದಿ ಹೇಳಬೇಕು: ಇದನ್ನು ಬದಲಿಸುತ್ತಿದ್ದೇವೆ, ಇದನ್ನು ನಾಳೆ ನೋಡೋಣ, ಇದನ್ನು ಬದಲಿಸುವುದಿಲ್ಲ, ಕಾರಣ ಇಂಥದ್ದು. ಈ ಎರಡು ನಿಮಿಷ ಬಿಟ್ಟರೆ ಸಂಜೆಯ ಚೀಟಿಗಳು ಖಾಲಿ ಬರುತ್ತವೆ. ಬರೆದದ್ದು ಎಲ್ಲಿಗೋ ಹೋಗುತ್ತದೆ ಎಂದು ಗೊತ್ತಾದ ಮೇಲೆ ಯಾರು ಬರೆಯುತ್ತಾರೆ?

ಚೀಟಿಯ ಬೆಲೆ ತಿಳಿಯಬೇಕಾದರೆ ಕೃತಿಚೌರ್ಯದ ಗೋಷ್ಠಿಯನ್ನು ನೋಡಬೇಕು. ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2018ರ ನಿಯಮದಲ್ಲಿ ಬೇರೆ ಬರಹಗಳೊಂದಿಗಿನ ಸಾಮ್ಯತೆ 10%ವರೆಗೆ ಇದ್ದರೆ ದಂಡವಿಲ್ಲ. 10ರಿಂದ 40, 40ರಿಂದ 60, 60ಕ್ಕೆ ಮೇಲೆ ಎಂದು ಮುಂದಿನ ಮೂರು ಹಂತ. ಇದನ್ನು ಪರದೆ ಮೇಲೆ ತೋರಿಸಿದರೆ ಎಲ್ಲರೂ ತಲೆಯಾಡಿಸುತ್ತಾರೆ, ಫಾರ್ಮಿನಲ್ಲಿ ‘ಅರ್ಥವಾಯಿತು’ ಎಂದು ಐದು ಅಂಕ ಹಾಕುತ್ತಾರೆ. ಚೀಟಿಯಲ್ಲಿ ಮಾತ್ರ ನಿಜ ಹೊರಬೀಳುತ್ತದೆ: ‘ಹಾಗಾದರೆ 9% ಕಾಪಿ ಮಾಡಬಹುದಾ?’ ಸಾಫ್ಟ್‌ವೇರ್ ಹೇಳುವುದು ಪಠ್ಯ ಎಷ್ಟು ಹೊಂದುತ್ತದೆ ಎಂಬುದನ್ನಷ್ಟೇ, ಆಕರ ಹೇಳದೆ ಎತ್ತಿಕೊಂಡ ಒಂದು ವಾಕ್ಯವೂ ತಪ್ಪೇ ಎಂಬುದನ್ನು ಮಧ್ಯಾಹ್ನ ಮತ್ತೊಮ್ಮೆ, ಈ ಸಲ ಉದಾಹರಣೆಯ ಪ್ಯಾರಾ ಇಟ್ಟುಕೊಂಡು, ಬಿಡಿಸಿ ಹೇಳಬೇಕು ಎಂಬುದು ಗೊತ್ತಾಗುವುದು ಆಗಲೇ.

ಅರ್ಧ ಅಂಕ ಕಳೆದದ್ದು ಏಕೆಂದರೆ, ಹದಿನೈದಕ್ಕಿಂತ ಚಿಕ್ಕ ಗುಂಪಿನಲ್ಲಿ ಕೈಬರಹ ಗುರುತು ಸಿಗುತ್ತದೆ. ಸಂಶೋಧನೆಯ ಮಾರ್ಗದರ್ಶಕರು, ಅಂದರೆ ಗೈಡ್, ಅದೇ ಹಾಲ್‌ನಲ್ಲಿ ಕೂತಿದ್ದರಂತೂ ವಿದ್ಯಾರ್ಥಿಗಳ ಪೆನ್ನು ಓಡುವುದೇ ಇಲ್ಲ. ಗೈಡನ್ನು ಆ ನಾಲ್ಕು ನಿಮಿಷ ಕಾಫಿಗೆ ಕಳಿಸುವುದು ಕಾರ್ಯಾಗಾರ ನಡೆಸುವ ಸುಗಮಕಾರರ ಜಾಣ್ಮೆಗೆ ಬಿಟ್ಟದ್ದು.

ಗೂಗಲ್ ಫಾರ್ಮ್ಸ್: ಕೊನೆಯ ದಿನಕ್ಕೆ 2, ಮೂರು ವಾರದ ನಂತರಕ್ಕೆ 4.5

ದೋಷ ಫಾರ್ಮಿನದಲ್ಲ, ಅದನ್ನು ಕಟ್ಟುವ ಕ್ರಮದ್ದು. ಮೊದಲ ಎಡವಟ್ಟು, ಪ್ರಮಾಣಪತ್ರಕ್ಕೆ ಹೆಸರು ಬೇಕೆಂದು ಹಿಮ್ಮಾಹಿತಿಯ ಫಾರ್ಮಿನಲ್ಲೇ ಹೆಸರು, ಇಮೇಲ್ ಕಡ್ಡಾಯ ಮಾಡುವುದು. ಫಾರ್ಮ್ ತುಂಬಿದರಷ್ಟೇ ಪ್ರಮಾಣಪತ್ರ ಎಂದರೆ ಬರುವುದು ಹೊಗಳಿಕೆ ಮಾತ್ರ. ಎರಡನ್ನೂ ಬೇರೆ ಬೇರೆ ಫಾರ್ಮ್ ಮಾಡಿ. ಹಿಮ್ಮಾಹಿತಿಯ ಫಾರ್ಮಿನ ಸೆಟ್ಟಿಂಗ್ಸ್‌ನಲ್ಲಿ ಇಮೇಲ್ ಸಂಗ್ರಹ ಬೇಡ ಎಂದು ಹಾಕಿ. ‘ಒಬ್ಬರಿಗೆ ಒಂದೇ ಉತ್ತರ’ ಎಂಬುದನ್ನೂ ಆಫ್ ಮಾಡಿ. ಅದು ಆನ್ ಇದ್ದರೆ ಗೂಗಲ್ ಖಾತೆಯಿಂದ ಒಳಗೆ ಬನ್ನಿ ಎನ್ನುತ್ತದೆ. ಇಮೇಲ್ ನಮಗೆ ಕಾಣುವುದಿಲ್ಲ ಎಂದು ಎಷ್ಟೇ ಹೇಳಿದರೂ ತುಂಬುವವರು ನಂಬುವುದಿಲ್ಲ.

ಎರಡನೆಯದು, ಬರೆಯುವ ಪ್ರಶ್ನೆಯನ್ನು ಕಡ್ಡಾಯ ಮಾಡುವುದು. ‘ನಿಲ್’, ‘ನೋ’, ಒಂದು ಚುಕ್ಕಿ, ಇಷ್ಟೇ ಬರುತ್ತದೆ. ಮೂರನೆಯದು, ಒಂದರಿಂದ ಐದರ ಅಳತೆ ಕೊಟ್ಟು ಸರಾಸರಿ ತೆಗೆಯುವುದು. 38 ಜನ ಐದು ಕೊಟ್ಟು ಇಬ್ಬರು ಒಂದು ಕೊಟ್ಟರೆ ಸರಾಸರಿ 4.8. ಕೆಲಸಕ್ಕೆ ಬರುವ ಮಾಹಿತಿ ಇರುವುದು ಆ ಇಬ್ಬರಲ್ಲಿ, ಸರಾಸರಿ ಅವರನ್ನೇ ನುಂಗಿಹಾಕುತ್ತದೆ. ಇನ್ನೊಂದು ಸಣ್ಣ ಸಂಗತಿ: ಉತ್ತರಗಳ ಶೀಟಿನಲ್ಲಿ ಪ್ರತಿ ಸಾಲಿಗೂ ಸಮಯ ದಾಖಲಾಗಿರುತ್ತದೆ. ಯಾರು ಯಾವಾಗ ಫೋನು ಹಿಡಿದಿದ್ದರು ಎಂದು ನೆನಪಿರುವ ಸಣ್ಣ ಗುಂಪಿನಲ್ಲಿ ಅನಾಮಿಕತೆ ಅಲ್ಲಿಗೆ ಮುಗಿಯಿತು. ವರದಿ ಹಂಚುವ ಮೊದಲು ಆ ಕಾಲಂ ಅಳಿಸಿ.

ಮೂರು ವಾರ ಕಳೆದ ಮೇಲೆ ಇದೇ ಫಾರ್ಮ್‌ಗೆ ಸಾಟಿ ಇಲ್ಲ. ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ಮುಂದಿಟ್ಟ ತರಬೇತಿ ಮೌಲ್ಯಮಾಪನದ ನಾಲ್ಕು ಹಂತಗಳಲ್ಲಿ ಮೊದಲನೆಯದು ಪ್ರತಿಕ್ರಿಯೆ, ಎರಡನೆಯದು ಕಲಿಕೆ, ಮೂರನೆಯದು ನಡವಳಿಕೆ, ಕೊನೆಯದು ಫಲಿತಾಂಶ. ಕೊನೆಯ ದಿನದ ಫಾರ್ಮ್ ಅಳೆಯುವುದು ಮೊದಲ ಹಂತವನ್ನಷ್ಟೇ. ಮೂರನೆಯದಕ್ಕೆ ಹೋಗಬೇಕಾದರೆ ಜನ ಮನೆಗೆ ಹೋಗಿ, ಕೆಲಸಕ್ಕೆ ಕೂತ ಮೇಲೆಯೇ ಕೇಳಬೇಕು.

ಮೆಂಟಿಮೀಟರ್: 3

ಜನ ಫೋನಿನಲ್ಲಿ ಒತ್ತಿದ ಉತ್ತರವನ್ನು ಆಗಲೇ ಪರದೆ ಮೇಲೆ ತೋರಿಸುವ ಆನ್‌ಲೈನ್ ಸಾಧನ ಇದು. ಉದ್ಘಾಟನೆ ಮುಗಿದ ಕೂಡಲೆ ‘ಜೊಟೆರೊ (ಆಕರಗಳನ್ನು ಕೂಡಿಡುವ ತಂತ್ರಾಂಶ) ಬಳಸಿದ್ದೀರಾ?’, ‘ಶೋಧಗಂಗಾದಲ್ಲಿ (ಭಾರತದ ಪಿಎಚ್‌ಡಿ ಪ್ರಬಂಧಗಳ ಆನ್‌ಲೈನ್ ಭಂಡಾರ) ಒಂದಾದರೂ ಪ್ರಬಂಧ ತೆರೆದು ನೋಡಿದ್ದೀರಾ?’ ಎಂದು ಹೌದು–ಇಲ್ಲ ಕೇಳಲು ಇದು ಸೊಗಸು. ಒಂದು ನಿಮಿಷದಲ್ಲಿ ಗುಂಪಿನ ಮಟ್ಟ ಪರದೆ ಮೇಲೆ ಕಾಣುತ್ತದೆ, 40ರಲ್ಲಿ 31 ಜನ ‘ಇಲ್ಲ’ ಎಂದರೆ ಆ ಕ್ಷಣವೇ ಯೋಜನೆ ಬದಲಿಸಬಹುದು. ಉಚಿತ ಖಾತೆಗೆ ತಿಂಗಳಿಗೆ 50 ಜನರ ಮಿತಿ ಇದೆ ಎಂಬುದು ನೆನಪಿರಲಿ. ಅದೇ ತಿಂಗಳು ಎರಡನೆಯ ಕಾರ್ಯಾಗಾರ ಇಟ್ಟುಕೊಂಡರೆ ನಡುವೆಯೇ ಕೈಕೊಡಬಹುದು.

ಹೆಚ್ಚು ಸಲ ಬಂದ ಪದವನ್ನು ದೊಡ್ಡದಾಗಿ ತೋರಿಸುವ ಅದರ ಪದಮೋಡಕ್ಕೆ (ವರ್ಡ್ ಕ್ಲೌಡ್) ಮಾತ್ರ ಕನ್ನಡ ಒಗ್ಗುವುದಿಲ್ಲ. ‘ಗ್ರಂಥಸೂಚಿ’, ‘ಗ್ರಂಥಸೂಚಿಯ’, ‘ಗ್ರಂಥಸೂಚಿಯಲ್ಲಿ’ ಅದರ ಕಣ್ಣಿಗೆ ಮೂರು ಬೇರೆ ಪದ. ಹತ್ತು ಜನ ಒಂದೇ ತೊಂದರೆ ಹೇಳಿದರೂ ಅದು ಚೂರುಚೂರಾಗಿ ಮೂಲೆಯಲ್ಲಿ ಸಣ್ಣಗೆ ಕಾಣುತ್ತದೆ, ‘ಸೂಪರ್’ ಎಂಬುದು ನಡುವೆ ದೊಡ್ಡದಾಗಿ ನಿಲ್ಲುತ್ತದೆ. ಕನ್ನಡದಲ್ಲಿ ಬೇಕೇ ಬೇಕೆಂದರೆ ಆಯ್ಕೆಯ ಪ್ರಶ್ನೆ ಕೊಡಿ.

ಎಲ್ಲರೂ ತಮ್ಮ ಟಿಪ್ಪಣಿ ಅಂಟಿಸಬಹುದಾದ ಆನ್‌ಲೈನ್ ಗೋಡೆ ಪ್ಯಾಡ್ಲೆಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗೋಡೆಗೆ ನಾಲ್ಕು ಚಾರ್ಟ್ ಪೇಪರ್ ಅಂಟಿಸಿ, ಸ್ಕೆಚ್ ಪೆನ್ ಕೊಟ್ಟರೆ ಅದೇ ಕೆಲಸ ನೆಟ್‌ವರ್ಕ್ ಇಲ್ಲದೆಯೂ ಆಗುತ್ತದೆ, ಟೀ ಹೊತ್ತಿನಲ್ಲಿ ಜನ ಅದರ ಮುಂದೆ ನಿಂತು ಮಾತಿಗಿಳಿಯುತ್ತಾರೆ ಬೇರೆ.

ಅವಲೋಕನ: ಸಾಧನ ಚಿಕ್ಕದು, ಬಿಟ್ಟುಬಿಡುವವರೇ ಹೆಚ್ಚು

ಹಿಮ್ಮಾಹಿತಿ ಬೇರೆಯವರಿಂದ ಬರುವುದು, ಅವಲೋಕನ ತಾನೇ ಮಾಡಿಕೊಳ್ಳಬೇಕಾದದ್ದು. ಶಿಬಿರಾರ್ಥಿಗಳಿಗೆ ‘ನಿಮ್ಮ ಅನುಭವ ಬರೆಯಿರಿ’ ಎಂದರೆ ಭಾಷಣ ಬರುತ್ತದೆ. ಅದರ ಬದಲು ಹಾಳೆಯನ್ನು ಉದ್ದಕ್ಕೆ ಮಡಚಿಸಿ, ಎಡಗಡೆ ಬೆಳಗಿನ ಸಂಶೋಧನಾ ಪ್ರಶ್ನೆ, ಬಲಗಡೆ ಸಂಜೆಯ ಪ್ರಶ್ನೆ ಬರೆಸಿ. ಕೆಳಗೆ ಒಂದೇ ಸಾಲು: ಏನು ಬದಲಾಯಿತು, ಯಾಕೆ? ಎಡಗಡೆ ‘ಪಾವಗಡ ಸೋಲಾರ್ ಪಾರ್ಕಿನ ಪರಿಣಾಮಗಳು’ ಎಂದಿರಬಹುದು. 2,050 ಮೆಗಾವ್ಯಾಟ್‌ನ, 13,000 ಎಕರೆಗೆ ಹರಡಿದ ಪಾರ್ಕಿನ ಎಲ್ಲ ಪರಿಣಾಮವನ್ನು ಮೂರು ವರ್ಷದಲ್ಲಿ ಯಾರೂ ಅಳೆಯಲಾರರು. ಬಲಗಡೆ ‘ಭೂಮಿ ಗುತ್ತಿಗೆಗೆ ಕೊಟ್ಟ ಮೇಲೆ, ಆ ಹೊಲಗಳಲ್ಲಿ ಕೂಲಿಗೆ ಹೋಗುತ್ತಿದ್ದ ಹೆಂಗಸರ ದುಡಿಮೆಯ ದಿನಗಳು ಹೇಗೆ ಬದಲಾದವು?’ ಎಂದಾದರೆ ಆ ದಿನ ಕಾರ್ಯಾಗಾರ ಕೆಲಸ ಮಾಡಿದೆ. ಎರಡೂ ಕಡೆ ಒಂದೇ ಪ್ರಶ್ನೆ ಇದ್ದರೆ ಎರಡನೆಯ ದಿನ ಆ ವ್ಯಕ್ತಿಯ ಪಕ್ಕ ಹತ್ತು ನಿಮಿಷ ಕೂರಬೇಕು.

ನಡುವೆ ಮೂವರ ಗುಂಪಿನಲ್ಲಿ ಪರಸ್ಪರ ಹಿಮ್ಮಾಹಿತಿಯ ಸುತ್ತು ಇರಲಿ, ಒಬ್ಬರಿಗೆ ಎಂಟು ನಿಮಿಷ: ಎರಡು ನಿಮಿಷ ಓದಿ ಹೇಳುವುದು, ಮೂರು ನಿಮಿಷ ಉಳಿದಿಬ್ಬರ ಮಾತು, ಮೂರು ನಿಮಿಷ ತಿದ್ದಿ ಬರೆಯುವುದು. ಉಳಿದಿಬ್ಬರು ಮಾತಾಡುವಾಗ ಪ್ರಶ್ನೆಯ ಒಡೆಯರು ಬಾಯಿ ಬಿಡುವಂತಿಲ್ಲ, ಇಲ್ಲವಾದರೆ ಸಮಯವೆಲ್ಲ ಸಮರ್ಥನೆಗೇ ಹೋಗುತ್ತದೆ. ಇಲ್ಲಿ ಎಡವುವುದು ಹಿರಿತನದಿಂದ. ಅಧ್ಯಾಪಕರೊಬ್ಬರು ಮತ್ತು ಅವರ ಹಳೆಯ ವಿದ್ಯಾರ್ಥಿ ಒಂದೇ ಗುಂಪಿಗೆ ಬಿದ್ದರೆ ‘ಮೇಡಂ, ನಿಮ್ಮದು ಸರಿಯಾಗಿದೆ’ ಎಂಬಲ್ಲಿಗೆ ಮಾತು ನಿಲ್ಲುತ್ತದೆ. ಗುಂಪು ಬದಲಿಸಿ, ಅಥವಾ ಮೊದಲು ಚೀಟಿಯಲ್ಲಿ ಬರೆಸಿ ಆಮೇಲೆ ಮಾತಾಡಿಸಿ.

ಸುಗಮಕಾರರ ಅವಲೋಕನಕ್ಕೆ ಗ್ರಹಾಂ ಗಿಬ್ಸ್ ಅವರ 1988ರ ಆರು ಹಂತದ ಚಕ್ರ ಪ್ರಸಿದ್ಧ, ಆದರೆ ದಣಿದ ಸಂಜೆಗೆ ಅದು ಉದ್ದವಾಯಿತು. ಟೆರ್ರಿ ಬೋರ್ಟನ್ 1970ರಲ್ಲಿ ಕೊಟ್ಟ ಮೂರು ಪ್ರಶ್ನೆ ಸಾಕು: ಏನಾಯಿತು? ಅದರಿಂದೇನು? ಇನ್ನೇನು ಮಾಡೋಣ? ಪಕ್ಕದಲ್ಲಿ ಎರಡು ಕಾಲಂ ಎಳೆದು ಯೋಜಿಸಿದ ನಿಮಿಷ, ಆದ ನಿಮಿಷ ಬರೆಯಿರಿ. ಜೊಟೆರೊ ಅಳವಡಿಸಲು 20 ನಿಮಿಷ ಇಟ್ಟು 55 ನಿಮಿಷ ಹಿಡಿದರೆ ಕಾರಣ ಸಾಮಾನ್ಯವಾಗಿ ಶಿಬಿರಾರ್ಥಿಗಳದ್ದಲ್ಲ. ಲ್ಯಾಬ್ ಕಂಪ್ಯೂಟರಿನ ಅಡ್ಮಿನ್ ಪಾಸ್‌ವರ್ಡ್ ಯಾರ ಬಳಿಯೂ ಇರುವುದಿಲ್ಲ, ನಲವತ್ತು ಜನ ಒಂದೇ ವೈಫೈನಿಂದ ಒಟ್ಟಿಗೆ ಇಳಿಸಿಕೊಳ್ಳಲು ಹೊರಟಿರುತ್ತಾರೆ. ಪಾಸ್‌ವರ್ಡನ್ನು ಲ್ಯಾಬ್ ಸಹಾಯಕರಿಂದ ಹಿಂದಿನ ದಿನವೇ ಪಡೆದು, ಇನ್‌ಸ್ಟಾಲರನ್ನು ಮೂರು ಪೆನ್‌ಡ್ರೈವ್‌ನಲ್ಲಿ ಒಯ್ಯುವುದು ‘ಇನ್ನೇನು ಮಾಡೋಣ’ದ ಉತ್ತರ. ಇದನ್ನು ಹಾಲ್ ಬಿಡುವ ಮುನ್ನ ಬರೆಯಬೇಕು. ಮನೆ ಸೇರಿದ ಮೇಲೆ ‘ಒಟ್ಟಿನಲ್ಲಿ ಚೆನ್ನಾಗಾಯಿತು’ ಎಂಬುದಷ್ಟೇ ಉಳಿದಿರುತ್ತದೆ.

ಇನ್ನು ಆ ಮೂರು ವಾರದ ಫಾರ್ಮ್. ನಾಲ್ಕೇ ಪ್ರಶ್ನೆ ಇರಲಿ, ಸೋಮವಾರ ಬೇಡ, ಭಾನುವಾರ ಬೆಳಗ್ಗೆ ವಾಟ್ಸಾಪ್‌ಗೆ ಹಾಕಿ. ನಿಮ್ಮ ಜೊಟೆರೊದಲ್ಲಿ ಈಗ ಎಷ್ಟು ಆಕರಗಳಿವೆ? ನಿಮ್ಮ ಸಂಶೋಧನಾ ಪ್ರಶ್ನೆ ಮತ್ತೆ ಬದಲಾಯಿತೇ? ಗೈಡ್ ಏನೆಂದರು? ಎಲ್ಲಿ ನಿಂತಿದ್ದೀರಿ? ಕನ್ನಡದಲ್ಲಿ ಟೈಪ್ ಮಾಡಲು ಬೇಸರವಾದರೆ ಫೋನಿನ ಕೀಬೋರ್ಡಿನಲ್ಲಿ ಮೈಕ್ ಒತ್ತಿ ಮಾತಾಡಿ ಎಂದು ಮೇಲ್ಗಡೆಯೇ ಬರೆದಿಡಿ. ಮೊದಲ ಪ್ರಶ್ನೆಗೆ ‘ಸೊನ್ನೆ’ ಎಂದವರು ಮುಂದಿನ ಶನಿವಾರ ಒಂದು ಗಂಟೆ ಕಾಲ ಬಂದು ಕೂರಲಿ ಎಂದು, ಹೆಸರು ಕೇಳದೆ, ಗುಂಪಿನಲ್ಲೇ ಕರೆಯಿರಿ. ಪೆನ್‌ಡ್ರೈವ್ ಮರೆಯಬೇಡಿ.