ದಪ್ಪ ತಳ, ತೆಳು ತಳ, ಮುಳ್ಳು ತಳ: ಕಲಬುರಗಿ ರಸ್ತೆಯಲ್ಲಿ ಮೂರು ಜೊತೆ ಬೂಟು

ಓಡೋಕೆ ಅಂತ ದಪ್ಪ ತಳದ ಬೂಟು ಹಾಕಿಕೊಂಡು ಅಂಗಡಿಯಲ್ಲೇ ನಾಲ್ಕು ಹೆಜ್ಜೆ ನಡೆದೆ. ಹಾಸಿಗೆ ಮೇಲೆ ನಿಂತ ಹಾಗಿತ್ತು. ಬೆರಳಿನ ಹತ್ತಿರ ಸ್ವಲ್ಪ ಬಿಗಿ ಅಂದಾಗ ಅಂಗಡಿಯವರು, "ಹಾಕ್ಕೋತ ಹಾಕ್ಕೋತ ಸಡಿಲ ಆಗ್ತದ್ರಿ ಸರ್" ಅಂದರು. ಆಗಲಿಲ್ಲ. ಚರ್ಮದ ಚಪ್ಪಲಿ ಹಿಗ್ಗುವಂತೆ ಈಗಿನ ಜಾಲರಿ ಬಟ್ಟೆ, ಸ್ಪಂಜಿನ ಬೂಟು ಹಿಗ್ಗುವುದಿಲ್ಲ. ಮೂರನೇ ವಾರಕ್ಕೆ ಹೆಬ್ಬೆರಳಿನ ಉಗುರು ಕಪ್ಪಾಯಿತು. ಆಮೇಲೆ ಅದೇ ಬೂಟಿನ ಅಗಲ ಜೊತೆ ತಂದೆ.

ಅದರ ಜೊತೆಗೆ ಇನ್ನೂ ಎರಡು ಬಗೆಯವನ್ನು ಓಡಿ ನೋಡಿದ್ದೇನೆ. ವಾರದ ದಿನ ಅಪ್ಪನ ಕೆರೆ ಸುತ್ತ, ಭಾನುವಾರ ರಿಂಗ್ ರೋಡು, ಆಗೀಗ ಊರ ಹೊರಗೆ ತೊಗರಿ ಹೊಲದ ನಡುವಿನ ದಾರಿ.

ರಿಂಗ್ ರೋಡಿನ ಗಟ್ಟಿ ನೆಲಕ್ಕೆ ದಪ್ಪ ತಳದ್ದೇ ಸರಿ. ಅದರಲ್ಲಿ ಹಿಮ್ಮಡಿ ಮುಂಗಾಲಿಗಿಂತ 10 ಮಿ.ಮೀ. ಎತ್ತರ ಇದೆ. 10 ಕಿ.ಮೀ. ಓಡಿ ಬಂದರೂ ಮೀನಖಂಡ ಹಿಡಿದುಕೊಳ್ಳುವುದಿಲ್ಲ. ಆದರೆ ಜಲ್ಲಿ ಚೂರಿನ ಮೇಲೆ ಪಾದ ಹೊರಳುತ್ತದೆ. ಕೆಳಗಿನ ನೆಲ ಹೇಗಿದೆ ಅಂತ ಕಾಲಿಗೆ ಗೊತ್ತೇ ಆಗುವುದಿಲ್ಲ.

ತೆಳು ತಳದ್ದು ಹಾಕಿದಾಗ ನನಗೆ ಓಡುವ ಖುಷಿಯೇ ಬೇರೆ. ಒಂದು ಬೂಟು 210 ಗ್ರಾಂ, ಮುಂಭಾಗ ಅಗಲ, ಐದೂ ಬೆರಳು ಆರಾಮಾಗಿ ಬಿಚ್ಚಿಕೊಳ್ಳುತ್ತವೆ. ಹಿಮ್ಮಡಿ ಮುಂಗಾಲಿಗಿಂತ 4 ಮಿ.ಮೀ. ಮಾತ್ರ ಎತ್ತರ. ಈ ಎತ್ತರ ಕಡಿಮೆಯಾದಷ್ಟೂ ಭಾರ ಮೊಣಕಾಲಿನಿಂದ ಮೀನಖಂಡಕ್ಕೆ, ಹಿಮ್ಮಡಿ ಹಿಂದಿನ ಸ್ನಾಯುರಜ್ಜುವಿಗೆ (ಮೀನಖಂಡವನ್ನು ಹಿಮ್ಮಡಿಗೆ ಕಟ್ಟುವ ಗಟ್ಟಿ ಹುರಿಗೆ) ಸರಿಯುತ್ತದೆ. ಇದು ಗೊತ್ತಿಲ್ಲದೆ ಮೊದಲ ದಿನವೇ 6 ಕಿ.ಮೀ. ಓಡಿದೆ. ಮರುದಿನ ಮೆಟ್ಟಿಲು ಇಳಿಯಲು ಆಗಲಿಲ್ಲ. ವಾರಕ್ಕೆ ಎರಡೇ ದಿನ, 2 ಕಿ.ಮೀ. ಸಾಕು, ಮೆಲ್ಲಗೆ ಜಾಸ್ತಿ ಮಾಡಿ. ಆ ಹುರಿ ಮೊದಲೇ ನೋಯುತ್ತಿದ್ದರೆ ಇದು ಬೇಡವೇ ಬೇಡ.

ಮುಳ್ಳು ತಳದ್ದು, ಅಂದರೆ ತಳದಲ್ಲಿ ರಬ್ಬರ್ ಮುಳ್ಳಿರುವುದು, ಬೇಸಿಗೆಯಲ್ಲಿ ಬಿರುಕು ಬಿಟ್ಟ ಎರೆಮಣ್ಣಿನ ಮೇಲೆ ಚೆನ್ನಾಗಿ ಹಿಡಿಯುತ್ತದೆ. ಮಳೆ ಬಿದ್ದ ಮರುದಿನ ಅದೂ ಕೆಲಸಕ್ಕೆ ಬರುವುದಿಲ್ಲ. ಎರೆಮಣ್ಣು ಮುಳ್ಳಿನ ಸಂದಿಯಲ್ಲೆಲ್ಲ ತುಂಬಿ ಕಾಲು ಕಲ್ಲಿನಂತಾಗುತ್ತದೆ. ಡಾಂಬರಿನ ಮೇಲೆ ಓಡಿದರೆ ಮುಳ್ಳು ಬೇಗ ಸವೆಯುತ್ತದೆ. ವಾರವೆಲ್ಲ ಹೊಲದ ದಾರಿಯಲ್ಲೇ ಓಡುವವರು ಮಾತ್ರ ಕೊಳ್ಳಿ.

ಒಂದೇ ಜೊತೆಗೆ ದುಡ್ಡಿದೆ ಅಂದರೆ ನಾನು ಹೇಳುವುದು ದಪ್ಪ ತಳದ್ದು, ಆದರೆ ಅಗಲ ಮುಂಭಾಗದ್ದು. ಚಿಕ್ಕಂದಿನಿಂದ ಬರಿಗಾಲಲ್ಲಿ, ಚಪ್ಪಲಿಯಲ್ಲಿ ಬೆಳೆದ ಕಾಲು ನಮ್ಮದು, ಬೆರಳಿನ ಹತ್ತಿರ ಹರಡಿಕೊಂಡಿರುತ್ತದೆ. ಮೆತ್ತಗಿದೆಯಾ ಅಂತ ಆಮೇಲೆ ನೋಡಿ, ಮೊದಲು ಅಗಲ ನೋಡಿ. ಅಂಗಡಿಗೆ ಸಂಜೆ ಹೋಗಿ, ದಿನವಿಡೀ ಓಡಾಡಿದ ಕಾಲು ಅಷ್ಟೊತ್ತಿಗೆ ಊದಿರುತ್ತದೆ. ಮೇ ತಿಂಗಳ 42 ಡಿಗ್ರಿ ಬಿಸಿಲಿಗಂತೂ ಕೇಳುವುದೇ ಬೇಡ. ಓಡುವಾಗ ಹಾಕುವ ಸಾಕ್ಸೇ ತೆಗೆದುಕೊಂಡು ಹೋಗಿ. ಎದ್ದು ನಿಂತು ನೋಡಿದಾಗ ಉದ್ದನೆಯ ಬೆರಳಿನ ಮುಂದೆ ಒಂದು ಹೆಬ್ಬೆರಳಗಲ ಜಾಗ ಉಳಿಯಬೇಕು. ಡಬ್ಬಿ ಮೇಲಿನ ನಂಬರ್ ನಂಬಬೇಡಿ. ಒಂದು ಕಂಪನಿಯ 8 ಇನ್ನೊಂದರ 8ಕ್ಕಿಂತ ಚಿಕ್ಕದಿರಬಹುದು.

ನನ್ನ ದಪ್ಪ ತಳದ್ದು 600 ಕಿ.ಮೀ. ದಾಟಿದೆ. ಇಂಥವು ಸಾಮಾನ್ಯವಾಗಿ 500ರಿಂದ 800 ಕಿ.ಮೀ. ಬಾಳುತ್ತವೆ. ಹಿಮ್ಮಡಿಯ ಹೊರಬದಿ ಸವೆದಿದೆ, ಸ್ಪಂಜಿನಲ್ಲಿ ಸುಕ್ಕು ಬಿದ್ದಿದೆ, ಹೋದ ವಾರದಿಂದ ಮೊಣಕಾಲು ಸಣ್ಣಗೆ ನೋಯುತ್ತಿದೆ. ಈ ಶನಿವಾರ ಸಂಜೆ ಅದೇ ಅಗಲದ ಹೊಸ ಜೊತೆ ತರುತ್ತೇನೆ.