ಪೈಪ್ ಬಿರುಕಿಗೆ ಎಸಿ ಯೋಕ್ ಕಿಟ್: ಉದ್ದಕ್ಕೆ ಸೈ, ಆಳಕ್ಕೆ ಸಾಲದು

ಎಸಿ ಯೋಕ್ (ಎಸಿ ವಿದ್ಯುತ್ತಿನಿಂದ ನಡೆಯುವ ಎರಡು ಕಾಲಿನ ವಿದ್ಯುತ್ಕಾಂತ), ಬಿಳಿ ಪೇಂಟ್, ಕಪ್ಪು ಮ್ಯಾಗ್ನೆಟಿಕ್ ಇಂಕ್ (ಕಾಂತಕ್ಕೆ ಅಂಟುವ ನುಣ್ಣನೆಯ ಕಣಗಳಿರುವ ದ್ರವ) ಇರುವ ಈ ಕಿಟ್, ಉಕ್ಕಿನ ಗ್ಯಾಸ್ ಪೈಪಿನ ಮೇಲ್ಮೈಯಲ್ಲಿ ಬರಿಗಣ್ಣಿಗೆ ಕಾಣದ ಕೂದಲೆಳೆಯ ಬಿರುಕನ್ನೂ ಕಪ್ಪು ಗೆರೆಯಾಗಿ ಎತ್ತಿ ತೋರಿಸುತ್ತದೆ. ಅಷ್ಟರಮಟ್ಟಿಗೆ ಒಳ್ಳೆಯ ಸಾಧನ.

ಮೊದಲು ಯೋಕ್ 4.5 ಕೆ.ಜಿ. ಉಕ್ಕಿನ ತುಂಡನ್ನು ಎತ್ತುತ್ತದೆಯೇ ನೋಡಿ. ಪೈಪಿನ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಇಟ್ಟು ಪರೀಕ್ಷಿಸಲೇಬೇಕು. ಕಾಂತಕ್ಷೇತ್ರದ ದಿಕ್ಕಿನಲ್ಲೇ ಸಾಗಿದ ಬಿರುಕು ಕಾಣುವುದೇ ಇಲ್ಲ. ಕೋಟಿಂಗ್ ತೆಗೆಯುವಾಗ ಪವರ್ ವೈರ್ ಬ್ರಷ್ ಒತ್ತಿ ಉಜ್ಜಿದರೆ ಉಕ್ಕು ಸವರಿಕೊಂಡು ಬಿರುಕಿನ ಬಾಯಿ ಮುಚ್ಚಿಹೋಗಬಹುದು.

ದೊಡ್ಡ ಕೊರತೆ ಎಂದರೆ ಆಳ ತಿಳಿಯದು. ಪೈಪ್ ಎಷ್ಟು ಒತ್ತಡ ತಾಳೀತು ಎಂಬ ಲೆಕ್ಕಕ್ಕೆ ಬಿರುಕಿನ ಉದ್ದದ ಜೊತೆ ಆಳ, ಪೈಪಿನ ಗೋಡೆಯ ದಪ್ಪ, ಉಕ್ಕಿನ ಬಲ ಮತ್ತು ಟಫ್‌ನೆಸ್ (ಬಿರುಕು ಹರಡದಂತೆ ತಡೆಯುವ ಗುಣ) ಎಲ್ಲವೂ ಬೇಕು. ಫೇಸ್ಡ್ ಅರೇ ಅಲ್ಟ್ರಾಸೌಂಡ್‌ನಿಂದ (ಹಲವು ಪುಟ್ಟ ಸಂವೇದಕಗಳಿಂದ ಶಬ್ದದ ಅಲೆ ಹಾಯಿಸಿ ಒಳಗನ್ನು ನೋಡುವ ವಿಧಾನ) ಆಳ ಅಳೆಯದೆ, ಈ ಕಿಟ್ ಒಂದನ್ನೇ ನಂಬಿ ‘ಸುರಕ್ಷಿತ’ ಎಂದು ಬರೆದುಕೊಡಬೇಡಿ.