ಬೆಂಗಳೂರಿನ ಚಳಿ, ಊಟಿಯ ಹಿಮ: ನೆಕ್ಸಾನ್ ಇವಿ ದೀರ್ಘಕಾಲದ ಬಳಕೆಯ ವಿಮರ್ಶೆ

2023ರ ಕೊನೆಯಲ್ಲಿ ಕೊಂಡ ಟಾಟಾ ನೆಕ್ಸಾನ್ ಇವಿ ಲಾಂಗ್ ರೇಂಜ್ ಕಾರನ್ನು ಅಂದಿನಿಂದ ಬೆಂಗಳೂರಿನ ಪ್ರತಿ ಚಳಿಗಾಲದಲ್ಲೂ ಓಡಿಸಿದ್ದೇನೆ. ಡಿಸೆಂಬರ್ ಮತ್ತು ಜನವರಿಯಲ್ಲಿ ಊಟಿಗೂ ಹೋಗಿ ಬಂದಿದ್ದೇನೆ. ವಿದ್ಯುತ್ ಕಾರು ಕೊಳ್ಳಬೇಕೆಂದಿರುವ ಸ್ನೇಹಿತರು ಮೊದಲು ಕೇಳುವುದು ಚಳಿಯಲ್ಲಿ ಬ್ಯಾಟರಿ ಕೈಕೊಡುತ್ತದೆಯೇ ಎಂದು. 2024ರ ಜನವರಿಯಲ್ಲಿ ಷಿಕಾಗೋದ ಕೊರೆಯುವ ಚಳಿಗೆ ಚಾರ್ಜಿಂಗ್ ಕೇಂದ್ರಗಳ ಮುಂದೆ ಕಾರುಗಳು ಸಾಲುಗಟ್ಟಿ ನಿಂತ ಸುದ್ದಿಯನ್ನು ಅವರೆಲ್ಲ ನೋಡಿದ್ದಾರೆ. ನನ್ನ ಅನುಭವದಲ್ಲಿ ನಮ್ಮ ಊರಿನ ಚಳಿಯಿಂದ ಬ್ಯಾಟರಿಗೆ ಹೇಳಿಕೊಳ್ಳುವಂಥ ತೊಂದರೆ ಏನೂ ಇಲ್ಲ. ಇಲ್ಲಿ ಚಳಿಗಾಲದಲ್ಲಿ ಚಾರ್ಜ್ ತಿನ್ನುವುದು ಹೀಟರ್ ಮತ್ತು ಘಾಟಿ.

ಲಿಥಿಯಂ ಬ್ಯಾಟರಿಯೊಳಗಿನ ದ್ರಾವಣದಲ್ಲಿ ಅಯಾನುಗಳ ಚಲನೆ ಚಳಿ ಹೆಚ್ಚಿದಂತೆ ನಿಧಾನವಾಗುತ್ತದೆ, ಒಳಗಿನ ಪ್ರತಿರೋಧ ಏರುತ್ತದೆ. ಸೊನ್ನೆ ಡಿಗ್ರಿಗಿಂತ ಕೆಳಗೆ ವೇಗವಾಗಿ ಚಾರ್ಜ್ ಮಾಡಿದರೆ ಲಿಥಿಯಂ ಲೋಹದ ರೂಪದಲ್ಲಿ ಋಣ ಧ್ರುವದ ಮೇಲೆ ಶೇಖರವಾಗಿ ಬ್ಯಾಟರಿಗೆ ಶಾಶ್ವತ ಹಾನಿಯಾಗಬಹುದಾದ್ದರಿಂದ, ಅದನ್ನು ತಪ್ಪಿಸಲು ಕಾರಿನ ನಿಯಂತ್ರಣ ವ್ಯವಸ್ಥೆಯೇ ಚಾರ್ಜಿಂಗ್ ವೇಗವನ್ನು ತಗ್ಗಿಸುತ್ತದೆ. ಈ ಕಾರಿನಲ್ಲಿರುವ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬಗೆಯ ಬ್ಯಾಟರಿಗೆ ಶೀತ ಉಳಿದ ಬಗೆಗಳಿಗಿಂತ ಒಂದಿಷ್ಟು ಹೆಚ್ಚೇ ತಟ್ಟುತ್ತದೆ. ಆದರೆ ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 1884ರ ಜನವರಿಯ 7.8 ಡಿಗ್ರಿ. ಈಗಿನ ಚಳಿಗಾಲದ ಬೆಳಗಿನ ಜಾವ ಸಾಮಾನ್ಯವಾಗಿ ಹದಿನೈದರ ಆಸುಪಾಸು, ಮಧ್ಯಾಹ್ನ ಇಪ್ಪತ್ತೇಳು. ಏಪ್ರಿಲ್‌ನಲ್ಲಿ ದಿನವಿಡೀ ಎಸಿ ಹಾಕಿ ಓಡಿಸುವುದಕ್ಕೆ ಹೋಲಿಸಿದರೆ ಡಿಸೆಂಬರ್‌ನಲ್ಲಿ ಕಿಟಕಿ ಒಂದಿಷ್ಟು ಇಳಿಸಿ ಓಡಿಸುವಾಗ ಕಾರು ಹೆಚ್ಚು ದೂರ ಹೋಗುತ್ತದೆ. ಒಂದು ಚಾರ್ಜಿಗೆ 465 ಕಿಲೋಮೀಟರ್ ಎಂಬ ಪ್ರಯೋಗಾಲಯದ ಪರೀಕ್ಷೆಯ ಸಂಖ್ಯೆಯನ್ನು ಮರೆತುಬಿಡಿ. ನಗರದ ಓಡಾಟದಲ್ಲಿ ಚಳಿಗಾಲದಲ್ಲೂ ಮುನ್ನೂರರ ಹತ್ತಿರ ನಿರಾಯಾಸವಾಗಿ ಸಿಗುತ್ತಿದೆ.

ಇನ್ನು ಹೀಟರ್. ಪೆಟ್ರೋಲ್ ಕಾರಿನಲ್ಲಿ ಎಂಜಿನ್ ಹೇಗಿದ್ದರೂ ಹೊರಹಾಕುವ ಬಿಸಿಯೇ ಒಳಗನ್ನು ಬೆಚ್ಚಗಿಡುತ್ತದೆ, ಅದಕ್ಕೆ ಬೇರೆ ಖರ್ಚಿಲ್ಲ. ವಿದ್ಯುತ್ ಕಾರಿನಲ್ಲಿ ಆ ಬಿಸಿಯನ್ನು ಬ್ಯಾಟರಿಯಿಂದಲೇ ಹುಟ್ಟಿಸಬೇಕು. ಹೀಟರ್‌ನ ಖರ್ಚು ಕಿಲೋಮೀಟರ್ ಲೆಕ್ಕದ್ದಲ್ಲ, ಗಂಟೆಯ ಲೆಕ್ಕದ್ದು ಎಂಬುದನ್ನು ಬೆಂಗಳೂರಿನವರು ಮುಖ್ಯವಾಗಿ ತಿಳಿದಿರಬೇಕು. ಹೀಟರ್ ಗಂಟೆಗೆ ಎರಡು ಯೂನಿಟ್ ಎಳೆಯುತ್ತದೆ ಎಂದುಕೊಳ್ಳಿ. ಖಾಲಿ ಹೆದ್ದಾರಿಯಲ್ಲಿ ಆ ಒಂದು ಗಂಟೆಯಲ್ಲಿ ಎಂಬತ್ತು ಕಿಲೋಮೀಟರ್ ಸಾಗಿರುತ್ತೇವೆ, ಹೊರೆ ಹಂಚಿಹೋಗುತ್ತದೆ. ಹೆಬ್ಬಾಳದಿಂದ ಮಾರತಹಳ್ಳಿಯ ಕಡೆಗೆ ಹೊರವರ್ತುಲ ರಸ್ತೆಯ ವಾಹನ ದಟ್ಟಣೆಯಲ್ಲಿ ಅದೇ ಗಂಟೆಗೆ ಹದಿನೈದು ಕಿಲೋಮೀಟರ್ ಸಾಗಿದರೆ, ಕಾರನ್ನು ಓಡಿಸಲು ಬೇಕಾದಷ್ಟೇ ವಿದ್ಯುತ್ತನ್ನು ಹೀಟರ್ ಒಂದೇ ನುಂಗಿಬಿಡುತ್ತದೆ. ಅದಕ್ಕಾಗಿ ನಗರದೊಳಗೆ ನಾನು ಹೀಟರ್ ಹಾಕುವುದಿಲ್ಲ, ಸ್ವೆಟರ್ ಸಾಕು.

ಹೀಟರ್ ಬೇಕಾಗುವುದು ಗಾಜಿಗಾಗಿ. ಮನೆ ವಿದ್ಯಾರಣ್ಯಪುರದಲ್ಲಿ ಇರುವುದರಿಂದ ನಸುಕಿನಲ್ಲಿ ನೆಂಟರನ್ನು ವಿಮಾನ ನಿಲ್ದಾಣಕ್ಕೆ ಬಿಡಲು ಹೋಗುವುದು ಆಗಾಗ ಇರುತ್ತದೆ. ಯಲಹಂಕ ದಾಟಿದ ಮೇಲೆ ದೇವನಹಳ್ಳಿಯವರೆಗೂ ಮಂಜು ಕವಿದಿರುತ್ತದೆ. ಕಾರಿನಲ್ಲಿ ನಾಲ್ಕು ಜನ ಉಸಿರಾಡುತ್ತಿದ್ದರೆ ಮುಂದಿನ ಗಾಜಿನ ಒಳಮೈ ಕೆಳಗಿನ ಅಂಚಿನಿಂದ ಮಬ್ಬಾಗುತ್ತಾ ಮೇಲೇರುತ್ತದೆ; ಬಟ್ಟೆಯಿಂದ ಒರೆಸಿದರೆ ಗೆರೆಗಳು ಉಳಿದು, ಎದುರಿನ ದೀಪದ ಬೆಳಕು ಅವುಗಳ ಮೇಲೆ ಬಿದ್ದಾಗ ರಸ್ತೆಯೇ ಕಾಣುವುದಿಲ್ಲ. ಇದಕ್ಕೆ ಎಸಿಯನ್ನೂ ಬಿಸಿಗಾಳಿಯನ್ನೂ ಒಟ್ಟಿಗೆ ಹಾಕಿ, ಒಳಗಿನ ಗಾಳಿಯೇ ಸುತ್ತುವುದನ್ನು ನಿಲ್ಲಿಸಿ, ಹೊರಗಿನ ಗಾಳಿ ಬರುವಂತೆ ಮಾಡಬೇಕು. ಎಸಿ ತೇವವನ್ನು ಹೀರುತ್ತದೆ, ಬಿಸಿ ಗಾಜನ್ನು ಒಣಗಿಸುತ್ತದೆ. ಗಾಜು ತಿಳಿಯಾದ ಕೂಡಲೇ ತಗ್ಗಿಸಬಹುದು. ಇಲ್ಲಿ ಚಾರ್ಜ್ ಉಳಿಸಲು ಹೋಗುವುದು ಖಂಡಿತ ಸಲ್ಲದು.

ಸಿದ್ಧತೆಯ ವಿಷಯದಲ್ಲಿ ನಗರಕ್ಕೆ ಬೇಕಾದದ್ದು ಕಡಿಮೆ. ರಾತ್ರಿ ಮಲಗುವ ಮುನ್ನ ಚಾರ್ಜ್ ಮುಗಿಸಿಬಿಡುವ ಬದಲು ಹೊರಡುವ ಹೊತ್ತಿಗೆ ಮುಗಿಯುವಂತೆ ಹಾಕಿದರೆ ಬ್ಯಾಟರಿ ಬೆಚ್ಚಗಿರುತ್ತದೆ. ಟೈರಿನ ಗಾಳಿ ಪ್ರತಿ ಐದಾರು ಡಿಗ್ರಿ ಇಳಿಕೆಗೆ ಸುಮಾರು ಒಂದು ಪಿಎಸ್‌ಐ ಇಳಿಯುವುದರಿಂದ, ಮಧ್ಯಾಹ್ನದ ಬಿಸಿಲಲ್ಲಿ ಅಲ್ಲ, ಬೆಳಿಗ್ಗೆ ಟೈರು ತಣ್ಣಗಿರುವಾಗ ಪರೀಕ್ಷಿಸಬೇಕು.

ಊಟಿಯ ಮಾತು ಬೇರೆ. ಸಮುದ್ರ ಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿರುವ ಆ ಊರಿನಲ್ಲಿ ಜನವರಿಯ ರಾತ್ರಿ ಉಷ್ಣಾಂಶ ಸೊನ್ನೆಯ ಹತ್ತಿರಕ್ಕೆ ಇಳಿದು ಹುಲ್ಲಿನ ಮೇಲೆ ಹಿಮ ಬೆಳ್ಳಗೆ ಕಟ್ಟುತ್ತದೆ. ಮೈಸೂರಿನಿಂದ ಅಲ್ಲಿಗೆ ಏರುವುದು ಹತ್ತಿರ ಹತ್ತಿರ ಒಂದೂವರೆ ಸಾವಿರ ಮೀಟರ್. ಜನ, ಸಾಮಾನು ಸೇರಿ ಕಾರಿನ ತೂಕ 1.8 ಟನ್ ಎಂದು ಹಿಡಿದರೆ ಎತ್ತರ ಏರುವುದಕ್ಕೇ ಏಳು ಯೂನಿಟ್‌ಗೂ ಹೆಚ್ಚು ಬೇಕು, ಎಂದರೆ 40.5 ಯೂನಿಟ್ ಬ್ಯಾಟರಿಯ ಆರನೇ ಒಂದು ಭಾಗಕ್ಕಿಂತ ಹೆಚ್ಚು. ಇದು ಸಮತಟ್ಟು ರಸ್ತೆಯ ಖರ್ಚಿನ ಮೇಲಿನ ಹೆಚ್ಚುವರಿ. ಹೆದ್ದಾರಿಯ ವೇಗದಲ್ಲಿ ಮೈಸೂರು ತಲುಪುವಷ್ಟರಲ್ಲೇ ಅರ್ಧಕ್ಕಿಂತ ಹೆಚ್ಚು ಚಾರ್ಜ್ ಮುಗಿದಿರುತ್ತದೆ. ಮೈಸೂರಿನಲ್ಲಿ ಊಟದ ಹೊತ್ತಿಗೆ ಚಾರ್ಜ್ ತುಂಬಿಸಿಕೊಳ್ಳದೆ ಮುಂದೆ ಹೋಗುವುದು ನನ್ನ ಮಟ್ಟಿಗೆ ಅವಿವೇಕ. ಬಂಡೀಪುರದ ಕಾಡಿನ ರಸ್ತೆ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಮುಚ್ಚಿರುವುದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಹೊರಡಬೇಕು. 2024ರ ಮೇ ತಿಂಗಳಿನಿಂದ ನೀಲಗಿರಿಗೆ ಇ-ಪಾಸ್ ಕೂಡ ಬೇಕು.

ವರ್ಷದ ಕೊನೆಯ ರಜೆಯಲ್ಲಿ ಹೆದ್ದಾರಿಯ ಒಂದು ಚಾರ್ಜಿಂಗ್ ಕೇಂದ್ರದಲ್ಲಿ ಆ್ಯಪ್ ಎರಡು ಗನ್ (ಕಾರಿಗೆ ಸಿಕ್ಕಿಸುವ ಚಾರ್ಜಿಂಗ್ ಪ್ಲಗ್) ಖಾಲಿ ಇವೆ ಎಂದು ತೋರಿಸುತ್ತಿತ್ತು. ಹೋಗಿ ನೋಡಿದರೆ ಒಂದು ಕೆಟ್ಟಿತ್ತು, ಇನ್ನೊಂದರ ಮುಂದೆ ಡೀಸೆಲ್ ಕಾರು ನಿಂತಿತ್ತು. ಸಹಾಯವಾಣಿಯವರು ದೂರು ದಾಖಲಿಸಿಕೊಂಡರಷ್ಟೇ. ಮಕ್ಕಳು, ವಯಸ್ಸಾದ ತಂದೆತಾಯಿಯರನ್ನು ಕರೆದುಕೊಂಡು ಹೊರಟವರಿಗೆ ಇದು ಸಣ್ಣ ತೊಂದರೆಯಲ್ಲ. ಒಂದು ಕೇಂದ್ರ ತಪ್ಪಿದರೆ ಮುಂದಿನದಕ್ಕೆ ತಲುಪುವಷ್ಟು ಚಾರ್ಜ್ ಯಾವಾಗಲೂ ಇರಲಿ.

ಊಟಿಯಲ್ಲಿ ತಂಗುವ ಕಡೆ ಹದಿನೈದು ಆ್ಯಂಪಿಯರ್ ಸಾಕೆಟ್ ಕೊಡುತ್ತಾರೆಯೇ ಎಂದು ಕೋಣೆ ಕಾಯ್ದಿರಿಸುವಾಗಲೇ ಕೇಳಿಕೊಳ್ಳಬೇಕು. ತಲುಪಿದ ತಕ್ಷಣ, ಘಾಟಿ ಹತ್ತಿ ಬ್ಯಾಟರಿ ಇನ್ನೂ ಬೆಚ್ಚಗಿರುವಾಗಲೇ ಚಾರ್ಜಿಗೆ ಹಾಕುವುದು ಲೇಸು. ಹಿಮ ಬಿದ್ದ ಬೆಳಿಗ್ಗೆ ಹಾಕಿದರೆ ತಣ್ಣಗಾದ ಬ್ಯಾಟರಿ ನಿಧಾನವಾಗಿ ತುಂಬುತ್ತದೆ. ಹಾಗೆಂದು ಪೂರ್ತಿ ತುಂಬಿಸಲೂಬಾರದು. ಇಳಿಜಾರಿನಲ್ಲಿ ಮೋಟಾರ್ ಜನರೇಟರಿನಂತೆ ಕೆಲಸ ಮಾಡಿ ವೇಗ ತಗ್ಗಿಸುತ್ತಾ ವಿದ್ಯುತ್ತನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ; ಇದೇ ರೀಜೆನ್. ಬ್ಯಾಟರಿ ತುಂಬಿದ್ದರೆ ಅಥವಾ ತೀರಾ ತಣ್ಣಗಿದ್ದರೆ ಆ ವಿದ್ಯುತ್ತಿಗೆ ಜಾಗವಿಲ್ಲದೆ, ಈ ಹಿಡಿತ ಸಡಿಲವಾಗಿ, ಊಟಿಯಿಂದ ಗೂಡಲೂರಿಗೆ ಇಳಿಯುವ ತಿರುವುಗಳಲ್ಲಿ ಇಡೀ ಭಾರ ಚಕ್ರದ ಬ್ರೇಕಿನ ಮೇಲೆ ಬೀಳುತ್ತದೆ. ಶೇಕಡಾ ಎಂಬತ್ತಕ್ಕೆ ಚಾರ್ಜ್ ನಿಲ್ಲಿಸಿ, ಸ್ಟೀರಿಂಗ್ ಹಿಂದಿನ ಪ್ಯಾಡಲ್‌ನಿಂದ ರೀಜೆನ್ ಅನ್ನು ಗರಿಷ್ಠ ಮಟ್ಟದಲ್ಲಿಟ್ಟು ಹೊರಟರೆ, ಬ್ರೇಕ್ ಪೆಡಲ್ ಮೇಲೆ ಕಾಲಿಡುವ ಸಂದರ್ಭ ಅಪರೂಪಕ್ಕೆ ಬರುತ್ತದೆ. ಗೂಡಲೂರು ತಲುಪುವಾಗ ಚಾರ್ಜ್ ಹೊರಟಾಗಿನದಕ್ಕಿಂತ ಒಂದಿಷ್ಟು ಏರಿಯೇ ಇರುತ್ತದೆ.